ಬಂಧನದ ಮೊದಲ ದಿನ ಮತ್ತು ಆಮೇಲಿನ ದಿನಗಳು

(ಪತ್ರಿಕಾ ದಿನಾಚರಣೆಯ ಅಂಗವಾಗಿ ಚಿಕ್ಕಬಳ್ಳಾಪುರದಲ್ಲಿ ವಕೀಲರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಜುಲೈ ತಿಂಗಳು ಬಂದರೆ ನಮ್ಮ ನಾಡಿನ ತಾಲ್ಲೂಕು ತಾಲ್ಲೂಕಿನಲ್ಲೂ ಪತ್ರಿಕಾ ದಿನಾಚರಣೆ ನಡೆಯುತ್ತದೆ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ನೆನಪಿಗೆ ನಾವು ಸೇರುತ್ತೇವೆ, ಹಿರಿಯ ಪತ್ರಕರ್ತರನ್ನು ಸನ್ಮಾನಿಸುತ್ತೇವೆ, ಅವರ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಕೊಡುತ್ತೇವೆ. ಇವೆಲ್ಲ ಆಗಬೇಕಾದವೇ. ಸಂಘದವರು ನನ್ನನ್ನು ಕರೆದಾಗ ನಾನು ಒಂದು ಕೋರಿಕೆ ಇಟ್ಟೆ. ಇಂಥ ಸಭೆಗೆ ಬರಲಾಗದವರ ಬಗ್ಗೆ, ಅಂದರೆ ಬರೆದದ್ದಕ್ಕೋ ತೋರಿಸಿದ್ದಕ್ಕೋ ಪ್ರಶ್ನೆ ಕೇಳಿದ್ದಕ್ಕೋ ಜೈಲಿನಲ್ಲಿರುವ ಪತ್ರಕರ್ತರ ಬಗ್ಗೆ ಮಾತನಾಡಲು ಅವಕಾಶ ಕೊಡಿ ಎಂದು ಕೇಳಿಕೊಂಡೆ. ಪತ್ರಕರ್ತರ ರಕ್ಷಣಾ ಸಮಿತಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಗಣತಿಯ ಪ್ರಕಾರ 2024ರ ಡಿಸೆಂಬರ್ 1ರಂದು ಜಗತ್ತಿನಾದ್ಯಂತ 361 ಪತ್ರಕರ್ತರು ಸೆರೆಯಲ್ಲಿದ್ದರು. ನಮ್ಮ ದೇಶದವರೂ ಆ ಪಟ್ಟಿಯಲ್ಲಿ ಇದ್ದಾರೆ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಎಷ್ಟು ಭಾಷಣ ಮಾಡಿದರೂ ಒಬ್ಬ ವ್ಯಕ್ತಿ ಬಿಡುಗಡೆಯಾಗಿ ಮನೆಗೆ ಬರುವುದು ಹೊರಗಿರುವವರಿಗೆ ಎರಡು ವಿಷಯ ಗೊತ್ತಿದ್ದಾಗ ಮಾತ್ರ. ದಸ್ತಗಿರಿಯ ಮೊದಲ ದಿನ ಏನನ್ನು ಕೇಳಬೇಕು ಎನ್ನುವುದು ಒಂದು. ಊರಿನವರೆಲ್ಲ ಮರೆತ ಮೇಲೂ ತಿಂಗಳುಗಟ್ಟಲೆ ಏನು ಮಾಡುತ್ತಿರಬೇಕು ಎನ್ನುವುದು ಇನ್ನೊಂದು. ಇದು ಬೇಸರ ತರಿಸುವ, ಕಾಗದಪತ್ರಗಳ ಕೆಲಸ. ಆದರೆ ಇದು ಪತ್ರಕರ್ತರು ಮಾತ್ರವೇ ಹೊರಬೇಕಾದ ಹೊರೆಯೆಂದು ನಾನು ಒಪ್ಪುವುದಿಲ್ಲ. ಪತ್ರಿಕೆ ಓದುವ ಎಲ್ಲರದೂ ಆಗಬೇಕು.

ಈ ಮಾತನ್ನು ಚಿಕ್ಕಬಳ್ಳಾಪುರದಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ಇಲ್ಲಿಂದ ಗೌರಿಬಿದನೂರಿನ ಕಡೆ ಹೋದರೆ ವಿದುರಾಶ್ವತ್ಥ ಸಿಗುತ್ತದೆ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಮಂದಿ ಎಂದು ಈ ಸೀಮೆ ನೆನಪಿಟ್ಟುಕೊಂಡಿದೆ. ಅಂದಿನ ಸರ್ಕಾರಿ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಎರಡು ಲೆಕ್ಕಗಳ ನಡುವಿನ ಅಂತರದಲ್ಲಿ ಇರುವವರು ನಮ್ಮ ಊರುಗಳದೇ ಮನುಷ್ಯರು. ಸ್ಥಳಕ್ಕೆ ಹೋಗಿ, ಹೆಸರು ಕೇಳಿ, ಬರೆದುಕೊಂಡು ಬರುವ ಒಬ್ಬನಿಗೆ ಅಡ್ಡಿಯಾದರೆ ಏನು ನಷ್ಟವಾಗುತ್ತದೆ ಎಂಬುದು ಈ ಜಿಲ್ಲೆಗೆ ಬಹಳ ಹಿಂದೆಯೇ ಗೊತ್ತಾಗಿದೆ.

ನಮ್ಮ ಜಿಲ್ಲೆ 2007ರವರೆಗೆ ಕೋಲಾರದ ಭಾಗವಾಗಿತ್ತು. ಅದೇ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು 1932ರಲ್ಲಿ ಪತ್ರಕರ್ತರ ಸಂಘವನ್ನು ಕಟ್ಟಿದರು. ಇಂದಿನ ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘ ತನ್ನ ಮೂಲವನ್ನು ಅಲ್ಲಿಗೇ ಕೊಂಡೊಯ್ಯುತ್ತದೆ. ಅದಕ್ಕೂ ಮೊದಲು, 1908ರಲ್ಲಿ, ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ಸಂಸ್ಥಾನವು ಕಟುವಾದ ಪತ್ರಿಕಾ ಕಾನೂನನ್ನು ತಂದಾಗ ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರು, ನಮ್ಮ ಹಿರಿಯರು ‘ತಾತಯ್ಯ’ ಎಂದು ಕರೆಯುತ್ತಿದ್ದವರು, ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿ ಪ್ರತಿಭಟಿಸಿದರು. ನಿಮ್ಮ ಸಂಘದ ಹಿಂದೆ ಇಂಥ ಪರಂಪರೆ ಇದೆ. ಅದು ಗುರುತಿನ ಚೀಟಿ, ಬಸ್ ಪಾಸ್, ನಿವೇಶನಗಳ ಬೇಡಿಕೆಯಲ್ಲಷ್ಟೇ ಕರಗಿಹೋಗಬಾರದು ಎನ್ನುವುದು ನನ್ನ ಆಸೆ.

ಇಂದು ನಮ್ಮ ಜಿಲ್ಲೆಯ ಒಬ್ಬ ಬಿಡಿ ಸುದ್ದಿಗಾರನ ಮುಂದೆ ಇರುವ ವಿಷಯಗಳನ್ನು ನೋಡಿ. ಕಲ್ಲು ಗಣಿ, ಕ್ರಷರ್, ಕೆರೆ ಒತ್ತುವರಿ, ಬಾಗೇಪಲ್ಲಿ ಗುಡಿಬಂಡೆ ಕಡೆಯ ಫ್ಲೋರೈಡ್ ನೀರು, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ತುಂಬಿಸುವ ಎಚ್.ಎನ್. ವ್ಯಾಲಿ ಯೋಜನೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಸತ್ತರು. ಅಂಥ ಘಟನೆ ನಡೆದ ಮೇಲೆ ಎಲ್ಲ ವಾಹಿನಿಗಳ ಕ್ಯಾಮೆರಾಗಳೂ ಬರುತ್ತವೆ. ನಡೆಯುವ ಮೊದಲು ಗಣಿಗಳ ಬಗ್ಗೆ ಬರೆಯುವ ಅಪಾಯವನ್ನು ಎತ್ತಿಕೊಳ್ಳುವವನು ಇಲ್ಲಿಯೇ ವಾಸವಿರುವ, ಅದೇ ರಸ್ತೆಯಲ್ಲಿ ದಿನವೂ ಬೈಕಿನಲ್ಲಿ ಓಡಾಡುವ ವರದಿಗಾರ. ಅವನಿಗೆ ಸಂಬಳವಿಲ್ಲ, ಇದ್ದರೆ ಗೌರವಧನ. ಕಚೇರಿಯ ನೇಮಕಾತಿ ಪತ್ರವಿಲ್ಲ. ತೊಂದರೆ ಬಂದ ದಿನ ‘ಅವರು ನಮ್ಮ ಸಿಬ್ಬಂದಿ ಅಲ್ಲ’ ಎಂದು ಸಂಸ್ಥೆ ಕೈತೊಳೆದುಕೊಳ್ಳಬಹುದು. ಛತ್ತೀಸಗಡದ ಬಿಜಾಪುರದಲ್ಲಿ ರಸ್ತೆ ಕಾಮಗಾರಿಯ ಭ್ರಷ್ಟಾಚಾರದ ಸುದ್ದಿಯ ಬೆನ್ನಲ್ಲೇ, 2025ರ ಜನವರಿ 1ರಂದು ಕಾಣೆಯಾದ ಮುಕೇಶ್ ಚಂದ್ರಾಕರ್ ಅವರ ಶವ ಎರಡು ದಿನದ ಮೇಲೆ ಸೆಪ್ಟಿಕ್ ಟ್ಯಾಂಕಿನಲ್ಲಿ ಸಿಕ್ಕಿತು. ಅವರೂ ಇಂಥ ಸ್ಥಳೀಯ ವರದಿಗಾರರೇ.

ಈಗ ಕಾನೂನಿನ ವಿಷಯಕ್ಕೆ ಬರುತ್ತೇನೆ. ನಮ್ಮ ಸಂವಿಧಾನದಲ್ಲಿ ಪತ್ರಿಕೆಗಳಿಗೆಂದೇ ಪ್ರತ್ಯೇಕ ವಿಧಿಯಿಲ್ಲ. ಎಲ್ಲ ಪ್ರಜೆಗಳಿಗೂ ಇರುವ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯವೇ ಪತ್ರಕರ್ತರಿಗೂ ಆಸರೆ. ಹಾಗಾಗಿ ಪತ್ರಕರ್ತನನ್ನು ಹಿಡಿದಾಗ ‘ಪತ್ರಿಕಾ ಸ್ವಾತಂತ್ರ್ಯದ ಉಲ್ಲಂಘನೆ’ ಎಂದು ಯಾವ ಎಫ್‌ಐಆರ್‌ನಲ್ಲೂ ಬರೆದಿರುವುದಿಲ್ಲ. ಅಲ್ಲಿ ಇರುವುದು ಬೇರೆ ಕಲಮುಗಳು. ಗುಂಪುಗಳ ನಡುವೆ ದ್ವೇಷ ಹರಡಿದ್ದು ಎಂದರೆ, ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 196, ಸುಳ್ಳು ಸುದ್ದಿಯಿಂದ ಜನರಲ್ಲಿ ಭೀತಿ ಹುಟ್ಟಿಸಿದ್ದು ಎಂದರೆ 353, ಹಣ ಸುಲಿಗೆ ಎಂದರೆ 308. ತಾಲ್ಲೂಕು ಮಟ್ಟದಲ್ಲಿ ಬಹಳ ಸಲೀಸಾಗಿ ಬೀಳಬಹುದಾದದ್ದು 132, ಅಂದರೆ ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿ. ಈ ಕಲಮಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕಚೇರಿಯೊಳಗೆ ಮೊಬೈಲ್ ಹಿಡಿದು ಪ್ರಶ್ನೆ ಕೇಳಿದ್ದೇ ಅಡ್ಡಿ ಎಂದು ದೂರು ಕೊಡುವವರಿದ್ದಾರೆ. ಆದರೆ ಕಲಮನ್ನು ತೆರೆದು ಓದಿದರೆ ಅಲ್ಲಿ ಇರುವ ಮುಖ್ಯ ಅಂಶ ಹಲ್ಲೆ ಅಥವಾ ಬಲಪ್ರಯೋಗ. ಕೇಳಿದ ಪ್ರಶ್ನೆ ಎಷ್ಟೇ ಮುಜುಗರದ್ದಾಗಿದ್ದರೂ ಅದು ಬಲಪ್ರಯೋಗವಾಗುವುದಿಲ್ಲ. ಗರಿಷ್ಠ ಶಿಕ್ಷೆ ಎರಡು ವರ್ಷ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದೂರು ಬಂದ ಕೂಡಲೇ ಯಾಂತ್ರಿಕವಾಗಿ ದಸ್ತಗಿರಿ ಮಾಡಬಾರದು, ಮೊದಲು ಹಾಜರಾಗುವಂತೆ ನೋಟಿಸ್ ಕೊಡಬೇಕು, ದಸ್ತಗಿರಿ ಮಾಡುವುದೇ ಆದರೆ ಅದು ಏಕೆ ಅಗತ್ಯ ಎಂದು ಬರೆದಿಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಈಗ ಆ ನೋಟಿಸಿನ ನಿಯಮ, ಬಂಧನ ಮತ್ತು ವಿಚಾರಣೆಯ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲಿದೆ. ನೋಟಿಸ್ ಕೊಟ್ಟಿದ್ದೀರಾ ಎಂಬ ಪ್ರಶ್ನೆಯನ್ನು ಠಾಣೆಯ ಬಾಗಿಲಲ್ಲಿ ಯಾರಾದರೂ ಒಬ್ಬರು ವಿನಯದಿಂದಲೇ ಕೇಳಿದರೂ ಎಷ್ಟೋ ಸಲ ಅಂದಿನ ರಾತ್ರಿಯ ದಸ್ತಗಿರಿ ತಪ್ಪುತ್ತದೆ.

ದಸ್ತಗಿರಿ ಆಗಿಯೇಬಿಟ್ಟಿತು ಎಂದುಕೊಳ್ಳಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಆ ಹಾಜರಿ ಹೇಗಿರುತ್ತದೆ ಎನ್ನುವುದನ್ನು ನೋಡದವರಿಗಾಗಿ ಹೇಳುತ್ತೇನೆ. ರಜಾ ದಿನವಾದರೆ ನ್ಯಾಯಾಧೀಶರ ವಸತಿಗೃಹಕ್ಕೇ ಕರೆದೊಯ್ಯುತ್ತಾರೆ. ಪೊಲೀಸರ ಕೈಯಲ್ಲಿ ಬಂಧನ ಮುಂದುವರಿಸಲು ಅನುಮತಿ ಕೇಳುವ ರಿಮ್ಯಾಂಡ್ ಅರ್ಜಿ, ಕೇಸ್ ಡೈರಿಯ ಪ್ರತಿ, ಸರ್ಕಾರಿ ಆಸ್ಪತ್ರೆಯ ತಪಾಸಣೆಯ ಚೀಟಿ. ಹಿಂದಿನ ದಿನದ ಅಂಗಿಯಲ್ಲೇ ನಿಂತಿರುವ ಮನುಷ್ಯ, ರಾತ್ರಿಯೆಲ್ಲ ನಿದ್ದೆಯಿಲ್ಲ, ಮೊಬೈಲ್ ಕಿತ್ತುಕೊಂಡಿರುವುದರಿಂದ ಯಾರ ನಂಬರೂ ನೆನಪಿಗೆ ಬರುತ್ತಿಲ್ಲ. ‘ಪೊಲೀಸರಿಂದ ಏನಾದರೂ ತೊಂದರೆಯಾಯಿತೇ?’ ಎಂದು ನ್ಯಾಯಾಧೀಶರು ಕೇಳುತ್ತಾರೆ. ಪಕ್ಕದಲ್ಲೇ ಪೊಲೀಸರು ನಿಂತಿರುವಾಗ ‘ಇಲ್ಲ ಸ್ವಾಮಿ’ ಎನ್ನುತ್ತಾನೆ. ‘ವಕೀಲರು ಇದ್ದಾರೆಯೇ?’ ಎಂದರೆ ಅದಕ್ಕೂ ‘ಇಲ್ಲ ಸ್ವಾಮಿ’. ಹದಿನಾಲ್ಕು ದಿನದ ನ್ಯಾಯಾಂಗ ಬಂಧನಕ್ಕೆ ಆದೇಶವಾಗುತ್ತದೆ. ಇಷ್ಟಕ್ಕೆ ಹಿಡಿಯುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಅವನ ಪಕ್ಕದಲ್ಲಿ ವಕಾಲತ್ತು ಹಿಡಿದ ಒಬ್ಬರು ನಿಂತು, ಬಂಧನದ ಆಧಾರಗಳನ್ನು ಬರವಣಿಗೆಯಲ್ಲಿ ಕೊಟ್ಟಿಲ್ಲ, ಮನೆಯವರಿಗೆ ತಿಳಿಸಿಲ್ಲ, 35ನೇ ಕಲಮಿನ ನೋಟಿಸ್ ಇಲ್ಲ ಎಂದು ಹೇಳಿದರೆ ಆದೇಶವೇ ಬೇರೆಯಾಗಬಹುದು.

ಇದು ನನ್ನ ಊಹೆಯಲ್ಲ. ನ್ಯೂಸ್‌ಕ್ಲಿಕ್ ಎಂಬ ಸುದ್ದಿ ಜಾಲತಾಣದ ಪ್ರಬೀರ್ ಪುರಕಾಯಸ್ಥ ಅವರನ್ನು 2023ರ ಅಕ್ಟೋಬರ್ 3ರಂದು ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಅಂದರೆ ಯುಎಪಿಎ, ಅಡಿಯಲ್ಲಿ ದೆಹಲಿ ಪೊಲೀಸರು ಬಂಧಿಸಿ ಮರುದಿನ ಬೆಳಗಿನ ಜಾವವೇ ರಿಮ್ಯಾಂಡ್ ಪಡೆದರು. ಏಳು ತಿಂಗಳ ಮೇಲೆ, 2024ರ ಮೇ 15ರಂದು, ಸುಪ್ರೀಂ ಕೋರ್ಟ್ ಆ ಬಂಧನವೇ ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿತು. ಅವರು ಬರೆದದ್ದು ಸರಿಯೋ ತಪ್ಪೋ, ಚೀನಾದ ಪರ ಪ್ರಚಾರಕ್ಕೆ ಹಣ ಪಡೆದರೆಂಬ ಆರೋಪ ನಿಜವೋ ಸುಳ್ಳೋ ಎಂಬುದನ್ನು ನ್ಯಾಯಾಲಯ ಅಂದು ತೀರ್ಮಾನಿಸಲಿಲ್ಲ. ಈ ವ್ಯಕ್ತಿಯನ್ನು ನಿರ್ದಿಷ್ಟವಾಗಿ ಯಾವ ಆಧಾರದ ಮೇಲೆ ಹಿಡಿಯಲಾಗಿದೆ ಎಂಬುದನ್ನು ರಿಮ್ಯಾಂಡಿಗೆ ಮೊದಲು ಅವರ ಕೈಗೆ ಬರವಣಿಗೆಯಲ್ಲಿ ಕೊಟ್ಟಿರಲಿಲ್ಲ ಎನ್ನುವುದೊಂದೇ ಸಾಕಾಯಿತು. ಮುಂದಿನ ತೀರ್ಪುಗಳು ಈ ರಕ್ಷಣೆಯನ್ನು ಇನ್ನೂ ವಿಸ್ತರಿಸಿವೆ. ಮೊದಲ ದಿನದ ಒಂದು ಕಾಗದದ ಬೆಲೆ ಏಳು ತಿಂಗಳ ಜೈಲುವಾಸಕ್ಕೆ ಸಮವಾಯಿತು.

ಮೊಬೈಲ್ ಮತ್ತು ಲ್ಯಾಪ್‌ಟಾಪ್ ಜಪ್ತಿಯ ಬಗ್ಗೆಯೂ ಒಂದು ಮಾತು. ಪತ್ರಕರ್ತನ ಫೋನಿನಲ್ಲಿ ಅವನೊಬ್ಬನೇ ಇರುವುದಿಲ್ಲ; ಅವನನ್ನು ನಂಬಿ ದಾಖಲೆ ಕೊಟ್ಟ ಗುಮಾಸ್ತ, ಹೆಸರು ಹೇಳಬೇಡಿ ಎಂದ ಹೆಣ್ಣುಮಗಳು, ಎಲ್ಲರೂ ಇರುತ್ತಾರೆ. ಸುದ್ದಿಮೂಲವನ್ನು ಬಹಿರಂಗಪಡಿಸದಿರಲು ಪತ್ರಕರ್ತರಿಗೆ ಕಾನೂನಿನ ರಕ್ಷಣೆ ಬೇಕೆಂದು ಕಾನೂನು ಆಯೋಗ 1983ರಲ್ಲೇ ತನ್ನ 93ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಅದು ಜಾರಿಗೆ ಬಂದಿಲ್ಲ. ಈಗ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಚಿತ್ರೀಕರಣ ಮಾಡಬೇಕೆಂಬ ನಿಯಮವಾದರೂ ಸುರಕ್ಷಾ ಸಂಹಿತೆಯ 105ನೇ ಕಲಮಿನಲ್ಲಿ ಬಂದಿದೆ. ಮಹಜರಿನ ಪ್ರತಿಯನ್ನು ಕೇಳಿ ಪಡೆಯಿರಿ.

ಇನ್ನು ನಮ್ಮ ರಾಜ್ಯದ್ದೇ ಒಂದು ಪ್ರಕರಣ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇ ಒಂದರ ಮೇಲೆ ಗುಂಪೊಂದು ದಾಳಿ ಮಾಡಿ, ಅಲ್ಲಿದ್ದ ಯುವಕ ಯುವತಿಯರನ್ನು ಹೊಡೆಯಿತು. ಅದನ್ನು ವರದಿ ಮಾಡಿದ್ದು ಕಸ್ತೂರಿ ವಾಹಿನಿಯ ನವೀನ್ ಸೂರಿಂಜೆ. ದಾಳಿಯ ಮುಖಗಳು ನಾಡಿಗೆ ಕಾಣಿಸಿದ್ದು ಅಂದು ಚಿತ್ರೀಕರಿಸಿದ ದೃಶ್ಯಗಳಿಂದ. ಪೊಲೀಸರು ದಾಳಿಕೋರರ ಜೊತೆಗೆ ಸೂರಿಂಜೆಯವರನ್ನೂ ಆರೋಪಿ ಮಾಡಿ 2012ರ ನವೆಂಬರ್ 7ರಂದು ಬಂಧಿಸಿದರು. ತಾವು ಪೊಲೀಸರಿಗೆ ಕರೆ ಮಾಡಲು ಪ್ರಯತ್ನಿಸಿದ್ದಾಗಿ ಅವರು ಹೇಳುತ್ತಲೇ ಇದ್ದರು. ಡಿಸೆಂಬರಿನಲ್ಲಿ ಹೈಕೋರ್ಟ್ ಜಾಮೀನು ನಿರಾಕರಿಸಿತು. ಆಗ ಬೆಂಗಳೂರಿನಲ್ಲಿ ಪತ್ರಕರ್ತರು, ಲೇಖಕರು ಧರಣಿ ಕುಳಿತರು. 2013ರ ಜನವರಿ ಕೊನೆಗೆ ಅವರ ಮೇಲಿನ ಮೊಕದ್ದಮೆ ಹಿಂತೆಗೆದುಕೊಳ್ಳಲು ಸಚಿವ ಸಂಪುಟವೇ ತೀರ್ಮಾನಿಸಿತು. ಇಲ್ಲಿ ಗಮನಿಸಿ: ತೀರ್ಮಾನವಾದ ಮರುದಿನ ಅವರು ಹೊರಬರಲಿಲ್ಲ. ಕಡತ ಮುಂದೆ ಸರಿಯಲಿಲ್ಲ. ಮಾರ್ಚಿನಲ್ಲಿ ಹೈಕೋರ್ಟಿನಿಂದ ಜಾಮೀನು ಸಿಕ್ಕ ಮೇಲೆಯೇ ಅವರು ಬಿಡುಗಡೆಯಾದದ್ದು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಒಳಗಿದ್ದರು. ಧರಣಿ ಗೆದ್ದಿತು ಎಂದು ಎಲ್ಲರೂ ಮನೆಗೆ ಹೋದ ಮೇಲೂ ನ್ಯಾಯಾಲಯದ ದಾರಿಯನ್ನು ಬಿಡದೆ ಹಿಡಿದವರು ಇದ್ದದ್ದರಿಂದಲೇ ಅದು ಸಾಧ್ಯವಾಯಿತು.

ಇದಕ್ಕಿಂತ ದೀರ್ಘವಾದದ್ದು ಸಿದ್ದೀಕ್ ಕಪ್ಪನ್ ಅವರದ್ದು. ಕೇರಳದ ಮಲಯಾಳಂ ಜಾಲತಾಣವೊಂದಕ್ಕೆ ದೆಹಲಿಯಿಂದ ವರದಿ ಮಾಡುತ್ತಿದ್ದ ಅವರನ್ನು 2020ರ ಅಕ್ಟೋಬರ್ 5ರಂದು, ದಲಿತ ಯುವತಿಯೊಬ್ಬಳ ಅತ್ಯಾಚಾರ ಮತ್ತು ಸಾವಿನ ಪ್ರಕರಣದಿಂದ ಸುದ್ದಿಯಲ್ಲಿದ್ದ ಹಾಥರಸ್‌ಗೆ ಹೋಗುವ ದಾರಿಯಲ್ಲಿ, ಮಥುರಾದ ಬಳಿ ಉತ್ತರ ಪ್ರದೇಶದ ಪೊಲೀಸರು ತಡೆದು ಬಂಧಿಸಿದರು. ಕಾರು ಓಡಿಸುತ್ತಿದ್ದ ಚಾಲಕನೂ ಅವರೊಂದಿಗೆ ಜೈಲು ಸೇರಿದ. ಯುಎಪಿಎ ಹಾಕಲಾಯಿತು. ಈ ಕಾನೂನಿನ ಬಿಗಿ ಏನೆಂದು ತಿಳಿದಿರಲಿ: ಸಾಮಾನ್ಯ ಪ್ರಕರಣಗಳಲ್ಲಿ 60 ಅಥವಾ 90 ದಿನದೊಳಗೆ ಆರೋಪಪಟ್ಟಿ ಬರದಿದ್ದರೆ ಜಾಮೀನು ಕೇಳುವ ಹಕ್ಕು ಹುಟ್ಟುತ್ತದೆ, ಇಲ್ಲಿ ಅದು 180 ದಿನದವರೆಗೆ ಹೋಗಬಹುದು. ಆರೋಪ ಮೇಲ್ನೋಟಕ್ಕೆ ನಿಜವೆಂದು ನ್ಯಾಯಾಲಯಕ್ಕೆ ಅನ್ನಿಸಿದರೆ ಜಾಮೀನು ಕೊಡುವಂತಿಲ್ಲ ಎಂದು 43ಡಿ(5) ಹೇಳುತ್ತದೆ. ವಿಚಾರಣೆ ಶುರುವಾಗುವ ಮೊದಲೇ ಶಿಕ್ಷೆಯ ವರ್ಷಗಳು ಕಳೆದುಹೋಗುತ್ತವೆ.

ಕೇರಳದ ಕಾರ್ಯನಿರತ ಪತ್ರಕರ್ತರ ಒಕ್ಕೂಟ ಕೆಲವೇ ದಿನಗಳಲ್ಲಿ ಬಂಧಿತನನ್ನು ನ್ಯಾಯಾಲಯದ ಮುಂದೆ ತನ್ನಿ ಎಂದು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಸುಪ್ರೀಂ ಕೋರ್ಟಿಗೆ ಹಾಕಿತು. ತಾಯಿಯನ್ನು ನೋಡಲು 2021ರ ಫೆಬ್ರವರಿಯಲ್ಲಿ ಐದು ದಿನದ ಅನುಮತಿ ಸಿಕ್ಕಿತು; ಅದೇ ವರ್ಷದ ಜೂನ್‌ನಲ್ಲಿ ಆ ತಾಯಿ ತೀರಿಕೊಂಡರು. ಕೋವಿಡ್ ಬಂದು ಮಥುರಾದ ಆಸ್ಪತ್ರೆಯಲ್ಲಿದ್ದಾಗ ಮಂಚಕ್ಕೆ ಸರಪಳಿಯಿಂದ ಕಟ್ಟಿಹಾಕಿದ್ದಾರೆ ಎಂದು ಅವರ ಪತ್ನಿ ದೂರಿದರು, ಒಕ್ಕೂಟ ಮತ್ತೆ ಕೋರ್ಟಿಗೆ ಹೋಯಿತು, ದೆಹಲಿಯ ಆಸ್ಪತ್ರೆಗೆ ಸಾಗಿಸುವಂತೆ ಆದೇಶವಾಯಿತು. 2022ರ ಸೆಪ್ಟೆಂಬರ್ 9ರಂದು ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. ಆದರೂ ಬಾಗಿಲು ತೆರೆಯಲಿಲ್ಲ, ಏಕೆಂದರೆ ಹಣ ಅಕ್ರಮ ವರ್ಗಾವಣೆಯ ಇನ್ನೊಂದು ಪ್ರಕರಣವಿತ್ತು. ಅದರಲ್ಲಿ ಅಲಹಾಬಾದ್ ಹೈಕೋರ್ಟ್ ಡಿಸೆಂಬರ್ 23ರಂದು ಜಾಮೀನು ಕೊಟ್ಟಿತು. ಲಖನೌ ಜೈಲಿನಿಂದ ಅವರು ಹೊರಬಂದದ್ದು 2023ರ ಫೆಬ್ರವರಿ 2ರಂದು, ಹಿಡಿದ ದಿನದಿಂದ ಸುಮಾರು 28 ತಿಂಗಳಿಗೆ.

ಈ ಕಥೆಯಲ್ಲಿ ನನ್ನನ್ನು ಬಹಳವಾಗಿ ತಟ್ಟಿದ ಭಾಗವನ್ನು ಹೇಳದೆ ಮುಂದೆ ಹೋಗಲಾರೆ. ಸುಪ್ರೀಂ ಕೋರ್ಟಿನ ಆದೇಶ ಬಂದ ಮೇಲೆ ಕಪ್ಪನ್ ಅವರಿಗೆ ಉತ್ತರ ಪ್ರದೇಶದಲ್ಲಿ ಶ್ಯೂರಿಟಿ, ಅಂದರೆ ಜಾಮೀನುದಾರರಾಗಿ, ನಿಲ್ಲುವವರು ಬೇಕಾಗಿತ್ತು. ಹೊರರಾಜ್ಯದ ಮನುಷ್ಯ, ಮೇಲೆ ಯುಎಪಿಎ ಎಂಬ ಹೆದರಿಕೆ, ಜನ ಹಿಂಜರಿದರು. ಆಗ ಲಖನೌ ವಿಶ್ವವಿದ್ಯಾಲಯದ ಮಾಜಿ ಕುಲಪತಿ ರೂಪರೇಖಾ ವರ್ಮಾ ಅವರು, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ತಮಗೆ ಪರಿಚಯವೇ ಇಲ್ಲದ ಆ ಪತ್ರಕರ್ತನಿಗಾಗಿ ತಮ್ಮ ಕಾರಿನ ದಾಖಲೆ ಹಿಡಿದು ನ್ಯಾಯಾಲಯಕ್ಕೆ ಹೋಗಿ ಶ್ಯೂರಿಟಿ ನಿಂತರು. ಬಂಧಿತ ಪತ್ರಕರ್ತರ ಪರವಾಗಿ ಹೊರಬಂದ ಹೇಳಿಕೆಗಳನ್ನು ನಾನು ಬಹಳಷ್ಟು ಓದಿದ್ದೇನೆ. ಅವುಗಳಲ್ಲಿ ಒಂದೂ ಆ ಕಾರಿನ ದಾಖಲೆಯಷ್ಟು ತೂಕದ್ದಲ್ಲ ಎಂದು ನನಗೆ ಅನ್ನಿಸುತ್ತದೆ.

‘ಅವನು ನಮ್ಮವನಲ್ಲ, ಅವನ ಪರ ನಾವೇಕೆ ನಿಲ್ಲಬೇಕು?’ ಎಂಬ ಮಾತು ಇಂಥ ಪ್ರತಿಯೊಂದು ಪ್ರಕರಣದಲ್ಲೂ ಬರುತ್ತದೆ. ಒಬ್ಬನು ಎಡ ಎನ್ನುತ್ತಾರೆ, ಇನ್ನೊಬ್ಬನು ಬಲ ಎನ್ನುತ್ತಾರೆ. ಒಬ್ಬನ ಧರ್ಮ ನೋಡುತ್ತಾರೆ, ಇನ್ನೊಬ್ಬನ ಜಾತಿ ನೋಡುತ್ತಾರೆ. ನಮ್ಮ ಗಣರಾಜ್ಯದ ಮೊದಲ ವರ್ಷವೇ ಇದಕ್ಕೆ ಉತ್ತರ ಕೊಟ್ಟಿದೆ. 1950ರ ಮೇ 26ರಂದು ಸುಪ್ರೀಂ ಕೋರ್ಟ್ ಎರಡು ತೀರ್ಪುಗಳನ್ನು ಒಂದೇ ದಿನ ಕೊಟ್ಟಿತು. ಒಂದು ರೊಮೇಶ್ ಥಾಪರ್ ಅವರ ಎಡಪಂಥೀಯ ವಾರಪತ್ರಿಕೆ ‘ಕ್ರಾಸ್ ರೋಡ್ಸ್’ ಪರವಾಗಿ, ಇನ್ನೊಂದು ರಾಷ್ಟ್ರೀಯ ಸ್ವಯಂಸೇವಕ ಸಂಘದ ವಿಚಾರಧಾರೆಯ ‘ಆರ್ಗನೈಸರ್’ ಪರವಾಗಿ. ಒಂದಕ್ಕೊಂದು ಮುಖ ನೋಡದ ಎರಡು ಪತ್ರಿಕೆಗಳನ್ನು ಒಂದೇ ವಿಧಿ ಕಾಪಾಡಿತು. ಎಪ್ಪತ್ತು ವರ್ಷಗಳ ನಂತರ, 2020ರ ನವೆಂಬರ್ 4ರಂದು ಬಂಧಿತರಾದ ರಿಪಬ್ಲಿಕ್ ಟಿವಿಯ ಅರ್ನಬ್ ಗೋಸ್ವಾಮಿಯವರಿಗೆ ಒಂದು ವಾರದಲ್ಲಿ ಜಾಮೀನು ಕೊಟ್ಟ ಅದೇ ನ್ಯಾಯಾಲಯ, ಅದರ ಕಾರಣಗಳನ್ನು ಬರೆದ ತೀರ್ಪಿನಲ್ಲಿ, ಸ್ವಾತಂತ್ರ್ಯವನ್ನು ಒಂದು ದಿನ ಕಸಿದುಕೊಂಡರೂ ಅದು ಹೆಚ್ಚೇ ಎಂಬರ್ಥದ ಮಾತು ಹೇಳಿತು. ಆ ಮಾತು ಪೂರ್ಣ ಸತ್ಯ. ಅದು ಅದೇ ದಿನಗಳಲ್ಲಿ ಜೈಲಿನಲ್ಲಿದ್ದ ಕಪ್ಪನ್ ಅವರಿಗೂ ಅನ್ವಯಿಸಬೇಕಿತ್ತು ಎನ್ನುವುದೇ ನನ್ನ ವಾದ. ಯಾರು ಗೋಸ್ವಾಮಿಯವರ ವಿಷಯದಲ್ಲಿ ಸುಮ್ಮನಿದ್ದು ಕಪ್ಪನ್ ವಿಷಯದಲ್ಲಿ ಕೂಗುತ್ತಾರೋ, ಅಥವಾ ಇದರ ತಿರುಗು ಮುರುಗು ಮಾಡುತ್ತಾರೋ, ಅವರ ಮಾತಿಗೆ ಸರ್ಕಾರ ಬೆಲೆ ಕೊಡುವುದಿಲ್ಲ.

ಪಕ್ಷಗಳ ವಿಷಯದಲ್ಲೂ ನಮಗೆ ಭ್ರಮೆ ಬೇಡ. ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳಿಗೆ ಪೂರ್ವ ಸೆನ್ಸಾರ್ ಹೇರಿದ್ದೂ 1975ರ ಜುಲೈನಲ್ಲಿ ಪತ್ರಕರ್ತ ಕುಲದೀಪ್ ನಯ್ಯರ್ ಅವರನ್ನು ಹಿಡಿದು ಹಾಕಿದ್ದೂ ಕಾಂಗ್ರೆಸ್ ಸರ್ಕಾರ. ಅವರ ಪತ್ನಿ ಭಾರತಿ ನಯ್ಯರ್ ದೆಹಲಿ ಹೈಕೋರ್ಟಿಗೆ ಹೋದರು. ತೀರ್ಪು ತನ್ನ ವಿರುದ್ಧ ಬರುವ ಸೂಚನೆ ಕಂಡು ಸರ್ಕಾರ ಅವರನ್ನು ಮೊದಲೇ ಬಿಟ್ಟುಬಿಟ್ಟರೂ ನ್ಯಾಯಮೂರ್ತಿಗಳು ತೀರ್ಪನ್ನು ಓದಿಯೇ ಓದಿದರು. ಸೂರಿಂಜೆಯವರ ಬಂಧನವಾದಾಗ ರಾಜ್ಯದಲ್ಲಿ ಇದ್ದದ್ದು ಬಿಜೆಪಿ. 2017ರ ಜೂನ್‌ನಲ್ಲಿ, ಕಾಂಗ್ರೆಸ್ ಆಡಳಿತವಿದ್ದಾಗ, ನಮ್ಮ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ರವಿ ಬೆಳಗೆರೆ ಮತ್ತು ಅನಿಲ್ ರಾಜ್ ಎಂಬ ಇಬ್ಬರು ಸಂಪಾದಕರಿಗೆ ಒಂದು ವರ್ಷ ಜೈಲು ಮತ್ತು 10,000 ರೂಪಾಯಿ ದಂಡ ವಿಧಿಸಿತು. ದೂರು ಕೊಟ್ಟವರೂ ಶಾಸಕರು, ವಿಚಾರಿಸಿದವರೂ ಶಾಸಕರು, ಶಿಕ್ಷೆ ಕೊಟ್ಟವರೂ ಶಾಸಕರು. ಅವರ ಬರವಣಿಗೆಯ ಧಾಟಿ ಎಲ್ಲರಿಗೂ ಹಿಡಿಸುವಂಥದ್ದಲ್ಲದಿರಬಹುದು. ಮಾನಹಾನಿಯಾಗಿದ್ದರೆ ಅದಕ್ಕೆ ನ್ಯಾಯಾಲಯಗಳಿದ್ದವು. ಶಾಸನಸಭೆಯ ಹಕ್ಕುಗಳನ್ನು ಇಂದಿಗೂ ಸಂಹಿತೆಯ ರೂಪದಲ್ಲಿ ಬರೆದಿಟ್ಟಿಲ್ಲ, ಮತ್ತು ಆ ಬಗ್ಗೆ ಯಾವ ಪಕ್ಷಕ್ಕೂ ಆತುರವಿಲ್ಲ.

ನೀವು ಕೇಳಬಹುದಾದ ಇನ್ನೊಂದು ಪ್ರಶ್ನೆ ನನಗೆ ಗೊತ್ತು, ಏಕೆಂದರೆ ಈ ಊರಿನಲ್ಲೂ ಅದನ್ನು ಕೇಳುತ್ತಾರೆ: ಪ್ರೆಸ್ ಎಂದು ಗಾಡಿಗೆ ಅಂಟಿಸಿಕೊಂಡು ಗ್ರಾಮ ಪಂಚಾಯಿತಿಗಳಲ್ಲಿ ದುಡ್ಡು ಕೀಳುವವರ ಪರವೂ ನಿಲ್ಲಬೇಕೇ? ಸುಲಿಗೆ ಅಪರಾಧ, ಸಾಕ್ಷ್ಯವಿದ್ದರೆ ಶಿಕ್ಷೆಯಾಗಲಿ. ಸಂಘವು ಅಂಥವರನ್ನು ಸಮರ್ಥಿಸಬೇಕಾಗಿಲ್ಲ. ಆದರೆ ನೋಟಿಸ್, ಬಂಧನದ ಆಧಾರ, ವಕೀಲ, 24 ಗಂಟೆ, ಇವು ಒಳ್ಳೆಯ ಪತ್ರಕರ್ತನಿಗೆ ಕೊಡುವ ಬಹುಮಾನಗಳಲ್ಲ. ಎಲ್ಲರಿಗೂ ಇರುವಂಥವು. ಮತ್ತೆ, ಕ್ರಷರ್ ಬಗ್ಗೆ ಸರಣಿ ಬರೆದವನ ಮೇಲೂ ಸುಲಿಗೆಯ ಕೇಸನ್ನೇ ಹಾಕಬಹುದು ಎಂಬುದನ್ನು ಮರೆಯಬೇಡಿ. ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ ಶಾಲಾ ಮಕ್ಕಳಿಗೆ ಬಿಸಿಯೂಟದಲ್ಲಿ ರೊಟ್ಟಿಗೆ ಉಪ್ಪು ಬಡಿಸಿದ್ದನ್ನು 2019ರಲ್ಲಿ ತೋರಿಸಿದ ಪವನ್ ಜೈಸ್ವಾಲ್ ಅವರ ಮೇಲೆ ಸಂಚಿನ ಮತ್ತು ವಂಚನೆಯ ಕೇಸು ಬಿದ್ದಿತು. ಭಾರತೀಯ ಪತ್ರಿಕಾ ಮಂಡಳಿ ತಾನಾಗಿಯೇ ವಿವರಣೆ ಕೇಳಿತು, ದೇಶದೆಲ್ಲೆಡೆ ಗದ್ದಲವಾಯಿತು, ಕೊನೆಗೆ ಪೊಲೀಸರೇ ಅವರನ್ನು ಆರೋಪಮುಕ್ತಗೊಳಿಸಿದರು.

ಪತ್ರಿಕಾ ಮಂಡಳಿಗೆ ಶಿಕ್ಷಿಸುವ ಅಧಿಕಾರವಿಲ್ಲ ಎಂದು ಅದನ್ನು ಕಡೆಗಣಿಸುವವರಿದ್ದಾರೆ. ಅಧಿಕಾರವಿಲ್ಲದಿರುವುದು ನಿಜ. ಆದರೂ ಮಂಡಳಿಯಿಂದ ಜಿಲ್ಲಾಡಳಿತಕ್ಕೆ ಒಂದು ಪತ್ರ ಬಂದರೆ ಕಡತ ಅಲುಗಾಡುತ್ತದೆ, ಮತ್ತು ಆ ಪತ್ರ ಮುಂದೆ ಹೈಕೋರ್ಟಿನಲ್ಲಿ ದಾಖಲೆಯಾಗುತ್ತದೆ. ನಮ್ಮಲ್ಲಿ ಬಂಧನವಾದಾಗ ಏನು ಮಾಡುತ್ತೇವೆ? ತಾಲ್ಲೂಕು ಕಚೇರಿಯ ಮುಂದೆ ಸೇರಿ ತಹಶೀಲ್ದಾರರ ಮೂಲಕ ರಾಜ್ಯಪಾಲರಿಗೆ ಮನವಿ ಕೊಡುತ್ತೇವೆ. ಅದೂ ಇರಲಿ. ಆದರೆ ಆ ಮನವಿಯಲ್ಲಿ ‘ಪ್ರಜಾಪ್ರಭುತ್ವದ ಕಗ್ಗೊಲೆ’ ಎಂದು ನಾಲ್ಕು ಸಲ ಬರೆಯುವ ಬದಲು ಠಾಣೆಯ ಹೆಸರು, ಅಪರಾಧ ಸಂಖ್ಯೆ, ಕಲಮುಗಳು, ಹಿಡಿದ ದಿನ ಮತ್ತು ಗಂಟೆ, ಯಾವ ಸುದ್ದಿ ಯಾವತ್ತು ಪ್ರಕಟವಾಯಿತು, ಯಾವ ನಿಯಮ ಪಾಲನೆಯಾಗಿಲ್ಲ, ಈಗ ಬೇಕಾದದ್ದು ಏನು ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ. ಎಫ್‌ಐಆರ್ ಅನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಸೂಕ್ಷ್ಮ ಪ್ರಕರಣಗಳಿಗಷ್ಟೇ ವಿನಾಯಿತಿ. ಅದನ್ನು ಓದದೆ ಹೇಳಿಕೆ ಕೊಡಬೇಡಿ. ಹೇಳಿಕೆಯಲ್ಲಿ ಒಂದು ತಪ್ಪು ಸಂಗತಿ ಸೇರಿದರೆ ಎದುರು ಪಕ್ಷದವರು ಉಳಿದ ಒಂಬತ್ತು ಸರಿಯಾದ ಸಂಗತಿಗಳನ್ನು ಬಿಟ್ಟು ಅದನ್ನೇ ಹಿಡಿಯುತ್ತಾರೆ. ವಕೀಲರನ್ನೂ ಮನೆಯವರನ್ನೂ ಕೇಳದೆ ಬಂಧಿತನ ಪರವಾಗಿ ಮಾತನಾಡಬೇಡಿ. ಒಳಗಿರುವವನ ಮೇಲೆ ಅದರ ಪರಿಣಾಮವಾಗುತ್ತದೆ.

ಮೊದಲ ವಾರ ಕಳೆದ ಮೇಲೆ ಪತ್ರಿಕೆಗಳಲ್ಲಿ ಸುದ್ದಿ ನಿಲ್ಲುತ್ತದೆ. ಕಷ್ಟದ ಕೆಲಸ ಆಗ ಶುರುವಾಗುತ್ತದೆ. ಬೈರೂತಿನಲ್ಲಿ 1985ರ ಮಾರ್ಚ್‌ನಲ್ಲಿ ಅಪಹರಣಕ್ಕೊಳಗಾದ ಅಮೆರಿಕದ ಪತ್ರಕರ್ತ ಟೆರಿ ಆಂಡರ್ಸನ್ 1991ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಗುವವರೆಗೆ ಅವರ ಅಕ್ಕ ಪೆಗ್ಗಿ ಸೇ ಬಾಗಿಲು ಬಡಿಯುವುದನ್ನು ಬಿಡಲಿಲ್ಲ. ಮ್ಯಾನ್ಮಾರಿನ ಇನ್ ದಿನ್ ಗ್ರಾಮದಲ್ಲಿ ಹತ್ತು ಮಂದಿ ರೊಹಿಂಗ್ಯಾ ಗಂಡಸರ ಹತ್ಯೆಯನ್ನು ಬಯಲಿಗೆಳೆಯುತ್ತಿದ್ದ ರಾಯಿಟರ್ಸ್‌ನ ವಾ ಲೋನ್ ಮತ್ತು ಚಾ ಸೋ ಊ 500ಕ್ಕೂ ಹೆಚ್ಚು ದಿನ ಸೆರೆಯಲ್ಲಿದ್ದು 2019ರ ಮೇ 7ರಂದು ಹೊರಬಂದರು. ಆ ದಿನಗಳಲ್ಲಿ ಅವರ ಸಂಸ್ಥೆ ಅವರು ಅರ್ಧಕ್ಕೆ ಬಿಟ್ಟ ವರದಿಯನ್ನು ಪೂರ್ತಿ ಮಾಡಿ ಪ್ರಕಟಿಸಿತ್ತು. ಇದು ನಮ್ಮ ಸಂಪಾದಕರು ಗಮನಿಸಬೇಕಾದ ವಿಷಯ. ಬಂಧನ ನಡೆಯುವುದು ಒಂದು ಸುದ್ದಿಯನ್ನು ನಿಲ್ಲಿಸಲಿಕ್ಕೆ. ಆ ಸುದ್ದಿಯನ್ನು ಇನ್ನೊಬ್ಬರು ಮುಂದುವರಿಸಿದರೆ ಬಂಧಿಸಿದವರಿಗೆ ಬಂಧನದಿಂದ ಆಗುವ ಲಾಭ ಕಡಿಮೆಯಾಗುತ್ತದೆ. ಎಲ್ಲ ಕಡೆಯೂ ಫಲ ಸಿಗುತ್ತದೆ ಎಂದು ನಾನು ಹೇಳಲಾರೆ. ಎರಿಟ್ರಿಯಾದಲ್ಲಿ 2001ರ ಸೆಪ್ಟೆಂಬರಿನಲ್ಲಿ ಹಿಡಿದ, ಸ್ವೀಡನ್ನಿನ ಪೌರತ್ವವೂ ಇರುವ ಪತ್ರಕರ್ತ ದವಿತ್ ಇಸಾಕ್ ಅವರನ್ನು ವಿಚಾರಣೆಯೇ ಇಲ್ಲದೆ ಎರಡು ದಶಕಕ್ಕೂ ಮೀರಿ ಇಟ್ಟಿದ್ದಾರೆ. ಆದರೂ ಅವರ ಹೆಸರನ್ನು ಹೇಳುವುದನ್ನು ಸ್ವೀಡನ್ನಿನ ಪತ್ರಕರ್ತರು ನಿಲ್ಲಿಸಿಲ್ಲ.

ಕಾನೂನು ಬದಲಾಗುವುದೂ ಹೀಗೆ ಪಟ್ಟು ಬಿಡದವರಿಂದ. ರಾಜದ್ರೋಹದ ಕಲಮಿನ ಬಳಕೆಯನ್ನು ಸುಪ್ರೀಂ ಕೋರ್ಟ್ 2022ರ ಮೇ 11ರಂದು ತಡೆಹಿಡಿದ ಪ್ರಕರಣಕ್ಕೆ ಹೆಸರು ಬಂದದ್ದು ಮೈಸೂರಿನ ನಿವೃತ್ತ ಮೇಜರ್ ಜನರಲ್ ಎಸ್. ಜಿ. ಒಂಬತ್ಕೆರೆ ಅವರಿಂದ. ಅವರು ಪತ್ರಕರ್ತರಲ್ಲ, ಸೈನಿಕರು. ಅವರ ಜೊತೆಗೆ ಸಂಪಾದಕರ ಗಿಲ್ಡ್ ಮತ್ತು ಹಲವು ಪತ್ರಕರ್ತರು ಅರ್ಜಿದಾರರಾಗಿದ್ದರು. ಹೊಸ ನ್ಯಾಯ ಸಂಹಿತೆಯ 152ನೇ ಕಲಮು ಅದೇ ಅಪಾಯವನ್ನು ಬೇರೆ ಮಾತುಗಳಲ್ಲಿ ತಂದಿದೆ ಎಂದು ನಾನು ಭಾವಿಸುತ್ತೇನೆ. ಅದರ ಮೇಲೆ ಕಣ್ಣಿಡಬೇಕು.

ಕೊನೆಯದಾಗಿ, ಸಂಘದವರಿಗೆ ಈ ಸಭೆಯಲ್ಲೇ ತೀರ್ಮಾನಿಸಿ ಎಂದು ಕೇಳುವ ಎರಡು ಕೆಲಸಗಳಿವೆ. ಜಿಲ್ಲೆಯ ಪ್ರತಿ ತಾಲ್ಲೂಕಿನಲ್ಲೂ ರಾತ್ರಿ ಯಾವ ಹೊತ್ತಿಗೆ ಕರೆದರೂ ಠಾಣೆಗೆ ಬರುವ ಇಬ್ಬರು ವಕೀಲರ ಹೆಸರು ಮತ್ತು ಫೋನ್ ನಂಬರ್ ಎಲ್ಲ ವರದಿಗಾರರ ಜೇಬಿನಲ್ಲಿ, ಮೊಬೈಲಿನಲ್ಲಲ್ಲ, ಚೀಟಿಯಲ್ಲಿ ಇರಲಿ. ಯಾರೂ ಸಿಗದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು. ಎರಡನೆಯದು ಶ್ಯೂರಿಟಿ. ಜಾಮೀನು ಆದೇಶವಾದ ಮೇಲೂ ಜಾಮೀನುದಾರರಿಲ್ಲದೆ ದಿನಗಟ್ಟಲೆ ಒಳಗೇ ಉಳಿಯುವವರಿದ್ದಾರೆ. ಹಾಗೆ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಅಷ್ಟು ದಿನ ಕಾಯಿಸಬೇಕಾದ ಅಗತ್ಯವಾದರೂ ಏನು? ಸ್ವಂತ ಹೆಸರಿನಲ್ಲಿ ಜಮೀನಿರುವವರು ಹೊಸ ಪಹಣಿ, ಆಧಾರ್ ಪ್ರತಿ ಮತ್ತು ಭಾವಚಿತ್ರ ಸಿದ್ಧವಿಟ್ಟುಕೊಂಡಿದ್ದರೆ ಆದೇಶ ಬಂದ ದಿನವೇ ಬಾಂಡ್ ಬರೆದುಕೊಡಬಹುದು. ಇದರಲ್ಲಿ ಹೊಣೆಯಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಆರೋಪಿ ವಾಯಿದೆಗೆ ಹಾಜರಾಗದಿದ್ದರೆ ಬಾಂಡಿನ ಮೊತ್ತವನ್ನು ನೀವು ಕಟ್ಟಬೇಕಾಗುತ್ತದೆ. ಅದನ್ನು ತಿಳಿದೇ ಮುಂದೆ ಬರಬೇಕು. ಇಲ್ಲಿರುವ ಓದುಗರಲ್ಲಿ, ರೈತ ಸಂಘದವರಲ್ಲಿ, ನಿವೃತ್ತ ಮೇಷ್ಟ್ರುಗಳಲ್ಲಿ ಹಾಗೆ ಬರಲು ಒಪ್ಪುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಬಳಿ ಹೆಸರು ಮತ್ತು ಸರ್ವೆ ನಂಬರ್ ಬರೆಸಿ ಹೋಗಿ.